ಮದುವೆ ವಿಡಿಯೋ ಎಡಿಟಿಂಗ್‌ಗೆ ಪ್ರೊಸೆಸರ್ ಆರಿಸಿದ್ದು ಹೀಗೆ

ಬಳ್ಳಾರಿಯಲ್ಲಿ ಮದುವೆ, ಗೃಹಪ್ರವೇಶದ ವಿಡಿಯೋ ಎಡಿಟ್ ಮಾಡುವುದು ನನ್ನ ಕೆಲಸ. 2023ರ ಶುರುವಿನವರೆಗೂ ಇಂಟೆಲ್ ಐ7-7700 ಇರುವ ಕಂಪ್ಯೂಟರಿನಲ್ಲೇ ಎಲ್ಲ ನಡೆಯುತ್ತಿತ್ತು. ನಾಲ್ಕು ಕೋರ್, ಅಂದರೆ ಲೆಕ್ಕ ಮಾಡುವ ನಾಲ್ಕು ಘಟಕ; ಒಂದೊಂದೂ ಎರಡು ಕೆಲಸ ಒಟ್ಟಿಗೆ ಹಿಡಿಯುವುದರಿಂದ ಎಂಟು ಥ್ರೆಡ್. ಎಚ್‌ಡಿ ಕಾಲಕ್ಕೆ ಅದು ಧಾರಾಳವಾಗಿತ್ತು. ಕ್ಯಾಮೆರಾ 4ಕೆಗೆ ಬಂದ ಮೇಲೆ ಟೈಮ್‌ಲೈನ್ ಎಳೆದರೆ ಚಿತ್ರ ತಡೆದು ತಡೆದು ಓಡತೊಡಗಿತು. ಹೊಸ ಪ್ರೊಸೆಸರ್ ಬೇಕೇ ಬೇಕಾಯಿತು. ಯಾವುದು, ಎಷ್ಟು ಕೋರಿನದು, ಎಷ್ಟು ದುಡ್ಡಿನದು ಅಂತ ತೀರ್ಮಾನಿಸಲು ಏನೇನು ಮಾಡಿದೆ ಅನ್ನುವುದನ್ನು ಇಲ್ಲಿ ಬರೆದಿದ್ದೇನೆ.

ಅಂಗಡಿ ಕಡೆ ಹೋಗುವ ಮೊದಲು ಹಳೇ ಕಂಪ್ಯೂಟರನ್ನೇ ಗಮನಿಸಿದೆ. ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆಗೆದು, ಪರ್ಫಾರ್ಮೆನ್ಸ್‌ಗೆ ಹೋಗಿ, ಸಿಪಿಯು ಗ್ರಾಫ್ ಮೇಲೆ ರೈಟ್ ಕ್ಲಿಕ್ ಮಾಡಿದರೆ ಲಾಜಿಕಲ್ ಪ್ರೊಸೆಸರ್ಸ್ ಅಂತ ಬದಲಾಯಿಸಬಹುದು. ಆಗ ಒಂದೇ ಗ್ರಾಫ್ ಇದ್ದ ಜಾಗದಲ್ಲಿ ಎಂಟು ಸಣ್ಣ ಚೌಕ ಕಾಣುತ್ತವೆ. ಪ್ರಾಕ್ಸಿ ಫೈಲ್ (ಎಡಿಟ್ ಸಲೀಸಾಗಲೆಂದು ಮಾಡಿಕೊಳ್ಳುವ ಹಗುರ ನಕಲು) ತಯಾರಾಗುವಾಗ ಎಂಟೂ ಚೌಕ ಮೇಲಿನವರೆಗೆ ತುಂಬಿರುತ್ತಿದ್ದವು. ಬಣ್ಣ, ಎಫೆಕ್ಟ್ ಜಾಸ್ತಿ ಇರುವ ಭಾಗ ಎಕ್ಸ್‌ಪೋರ್ಟ್ ಆಗುವಾಗ ಒಂದೆರಡು ಚೌಕ ಮಾತ್ರ ತುಂಬಿ, ಉಳಿದವು ಅರ್ಧಕ್ಕೇ ನಿಲ್ಲುತ್ತಿದ್ದವು. ಆ ಹೊತ್ತಿನಲ್ಲಿ ಗ್ರಾಫಿಕ್ಸ್ ಕಾರ್ಡಿನ ಮೇಲೆ ಹೊರೆ. ಇಷ್ಟು ನೋಡಿದ್ದಕ್ಕೇ ನನಗೆ ಒಂದು ವಿಷಯ ಸ್ಪಷ್ಟವಾಯಿತು. ನನ್ನ ಕೆಲಸದಲ್ಲಿ ಕೋರ್ ಜಾಸ್ತಿಯಾದರೆ ಬೇಗ ಮುಗಿಯುವ ಭಾಗವೂ ಇದೆ, ಎಷ್ಟು ಕೋರ್ ಕೊಟ್ಟರೂ ಅಷ್ಟೇ ಹೊತ್ತು ಹಿಡಿಯುವ ಭಾಗವೂ ಇದೆ.

ಇದಕ್ಕೊಂದು ಲೆಕ್ಕವೇ ಇದೆ. ಅಮೆರಿಕದ ಕಂಪ್ಯೂಟರ್ ತಜ್ಞ ಜೀನ್ ಆಮ್ಡಾಲ್ 1967ರಲ್ಲೇ ಹೇಳಿದ್ದು. ಮದುವೆ ಮನೆಯಲ್ಲಿ ತರಕಾರಿ ಹೆಚ್ಚಲು ಹತ್ತು ಜನ ಕೂರಬಹುದು, ಸಾರಿಗೆ ಒಗ್ಗರಣೆ ಹಾಕುವುದು ಒಬ್ಬರೇ ಅಲ್ವಾ. ಒಂದು ಕೋರ್ 100 ನಿಮಿಷ ತೆಗೆದುಕೊಳ್ಳುವ ಕೆಲಸದಲ್ಲಿ 90 ನಿಮಿಷದ್ದು ಹಂಚಿಕೊಳ್ಳಬಹುದು, 10 ನಿಮಿಷದ್ದು ಹಂಚಲಾಗದು ಅಂದುಕೊಳ್ಳಿ. 6 ಕೋರ್ ಇದ್ದರೆ 25 ನಿಮಿಷಕ್ಕೆ ಮುಗಿಯುತ್ತದೆ. 12 ಕೋರ್ ಇದ್ದರೆ 17.5 ನಿಮಿಷ. 16 ಆದರೆ ಹೆಚ್ಚುಕಡಿಮೆ 15.6 ನಿಮಿಷ. ಆರರಿಂದ ಹನ್ನೆರಡಕ್ಕೆ ಹೋದಾಗ ಏಳೂವರೆ ನಿಮಿಷ ಉಳಿಯಿತು, ಅಲ್ಲಿಂದ ಹದಿನಾರಕ್ಕೆ ಹೋದಾಗ ಬರೀ ಎರಡು ನಿಮಿಷ.

ಬೆಲೆ ಮಾತ್ರ ಹೀಗೆ ಬಾಗುವುದಿಲ್ಲ. 2022ರ ಸೆಪ್ಟೆಂಬರಿನಲ್ಲಿ ಇಂಟೆಲ್ಲಿನ ಪೈಪೋಟಿ ಕಂಪನಿ ಎಎಂಡಿಯ ರೈಜನ್ 7000 ಸರಣಿ ಬಂದಾಗ ಅಮೆರಿಕದ ಬೆಲೆ ಹೀಗಿತ್ತು: 6 ಕೋರಿನ 7600ಎಕ್ಸ್ 299 ಡಾಲರ್, 8 ಕೋರಿನ 7700ಎಕ್ಸ್ 399, 12 ಕೋರಿನ 7900ಎಕ್ಸ್ 549, 16 ಕೋರಿನ 7950ಎಕ್ಸ್ 699. ಭಾಗಿಸಿ ನೋಡಿದರೆ ಒಂದು ಕೋರಿಗೆ 44ರಿಂದ 50 ಡಾಲರ್. ಹದಿನಾರು ಕೋರಿನದು ಅಗ್ಗ ಅನ್ನಿಸುವುದು ಇಲ್ಲೇ. ಆದರೆ ನಾನು ಕೊಳ್ಳುವುದು ಉಳಿಯುವ ನಿಮಿಷವನ್ನು. ಆ ಲೆಕ್ಕದಲ್ಲಿ ಕೊನೆಯ ನಾಲ್ಕು ಕೋರ್ ನನಗೆ ತುಂಬಾ ದುಬಾರಿ. ಹಗಲೂ ರಾತ್ರಿ 3ಡಿ ಚಿತ್ರ ಮಾಡುವ ಬ್ಲೆಂಡರ್‌ನಲ್ಲಿ ಸಿಪಿಯು ರೆಂಡರ್ ಹಾಕುವವರಿಗೆ ಈ ಮಾತು ಹೊಂದುವುದಿಲ್ಲ. ಅವರ ಕೆಲಸ ಹೆಚ್ಚುಕಮ್ಮಿ ಪೂರ್ತಿ ಹಂಚಿಹೋಗುತ್ತದೆ, ಅವರು ಕಣ್ಣು ಮುಚ್ಚಿ ದೊಡ್ಡದನ್ನೇ ತೆಗೆದುಕೊಳ್ಳಲಿ.

ಇಂಟೆಲ್ ವಿಷಯದಲ್ಲಿ ಕೋರಿನ ಲೆಕ್ಕವೇ ಬೇರೆ. 2021ರ ಕೊನೆಗೆ ಬಂದ 12ನೇ ಪೀಳಿಗೆಯಿಂದ ಒಂದೇ ಚಿಪ್ಪಿನಲ್ಲಿ ದೊಡ್ಡ ಪಿ ಕೋರ್, ಸಣ್ಣ ಇ ಕೋರ್ ಎರಡನ್ನೂ ಇಡುತ್ತಾರೆ. ಐ5-13600ಕೆ ಡಬ್ಬದ ಮೇಲೆ 14 ಕೋರ್ ಅಂತ ಇರುತ್ತದೆ. ಅದರಲ್ಲಿ ದೊಡ್ಡವು 6, ಸಣ್ಣವು 8. ಸಣ್ಣ ಕೋರ್ ಒಂದೊಂದಕ್ಕೆ ಒಂದೇ ಥ್ರೆಡ್, ಹಾಗಾಗಿ ಒಟ್ಟು 20 ಥ್ರೆಡ್. ಬಿಡುಗಡೆಯಾದಾಗ ಅದರ ಬೆಲೆ 319 ಡಾಲರ್. ಅದನ್ನು ಹದಿನಾಲ್ಕರಿಂದ ಭಾಗಿಸಿ, ಎಎಂಡಿಗಿಂತ ಅರ್ಧ ಬೆಲೆಗೆ ಕೋರ್ ಸಿಗುತ್ತದೆ ಅಂತ ಹೇಳುವವರಿದ್ದಾರೆ. ಅದು ಸರಿಯಾದ ಹೋಲಿಕೆಯೇ ಅಲ್ಲ. ಸಣ್ಣ ಕೋರ್ ದೊಡ್ಡದರಷ್ಟು ವೇಗವಾಗಿ ದುಡಿಯುವುದಿಲ್ಲ. ಹಾಗಂತ ಅದು ದಂಡವೂ ಅಲ್ಲ, ಪ್ರಾಕ್ಸಿ ತಯಾರಿಸುವಂಥ ಹಂಚಿಹೋಗುವ ಕೆಲಸದಲ್ಲಿ ಚೆನ್ನಾಗಿ ಕೈಜೋಡಿಸುತ್ತದೆ. ಎರಡು ಕಂಪನಿಗಳ ಚಿಪ್ಪನ್ನು ಕೋರ್ ಸಂಖ್ಯೆಯಿಂದ ತೂಗಲು ಬರುವುದಿಲ್ಲ, ಅಷ್ಟೇ.

ಇದರಿಂದಾಗಿ ನನ್ನದೇ ಒಂದು ಪ್ರಾಜೆಕ್ಟನ್ನು ತೂಗುವ ಕಲ್ಲು ಮಾಡಿಕೊಂಡೆ. ಮುಹೂರ್ತದ ಹೊತ್ತಿನ ಒಂದು ತುಣುಕು. ಮೂರು ಕ್ಯಾಮೆರಾ, ಎಲ್ಲ ಬಣ್ಣದ ವಿವರ ಹೆಚ್ಚಿರುವ, ಬಿಗಿಯಾಗಿ ಕುಗ್ಗಿಸಿದ 10 ಬಿಟ್, 4:2:2, ಎಚ್‌ಇವಿಸಿ ಫೈಲುಗಳು. ಅದನ್ನು ಎಸ್‌ಎಸ್‌ಡಿಗೆ ಹಾಕಿಕೊಂಡು ಪರಿಚಯದವರ ಕಂಪ್ಯೂಟರುಗಳಲ್ಲಿ ಪ್ರೀಮಿಯರ್ ಪ್ರೊನಲ್ಲಿ ಓಡಿಸಿದೆ. ಒಬ್ಬರ ಹತ್ತಿರ ಎಂಟು ಕೋರಿನ ರೈಜನ್ 7 5700ಎಕ್ಸ್ ಇತ್ತು, ಬೆಂಗಳೂರಿನ ಗೆಳೆಯನ ಹತ್ತಿರ ಐ5-12600ಕೆ. ಪ್ರಾಕ್ಸಿ ಮಾಡಿಕೊಂಡ ಮೇಲೆ ಎರಡರಲ್ಲೂ ಎಡಿಟಿಂಗ್ ಒಂದೇ ಥರ ಹಗುರವಾಗಿತ್ತು. ಪ್ರಾಕ್ಸಿ ಇಲ್ಲದೆ ಮೂಲ ಫೈಲನ್ನೇ ಎಳೆದಾಗ ವ್ಯತ್ಯಾಸ ಎದ್ದು ಕಂಡಿತು. ರೈಜನ್‌ನಲ್ಲಿ ಎಂಟೂ ಕೋರ್ ಬೆವರು ಸುರಿಸುತ್ತಿದ್ದವು, ಚಿತ್ರ ಮಾತ್ರ ತಡೆಯುತ್ತಿತ್ತು. ಇಂಟೆಲ್‌ನಲ್ಲಿ ಕೋರುಗಳು ಆರಾಮಾಗಿದ್ದವು, ಮೂರು ಕ್ಯಾಮೆರಾದ ಚಿತ್ರವೂ ಸರಾಗವಾಗಿ ಬಂತು.

ಕಾರಣ ಕೋರ್ ಅಲ್ಲ. ಇಂಟೆಲ್ ಚಿಪ್ಪಿನೊಳಗಿನ ಗ್ರಾಫಿಕ್ಸ್‌ನಲ್ಲಿ ಕ್ವಿಕ್ ಸಿಂಕ್ ಅನ್ನುವ ಕುಗ್ಗಿಸಿದ ವಿಡಿಯೋವನ್ನು ಬಿಡಿಸುವ ಭಾಗ ಇದೆ. 11ನೇ ಪೀಳಿಗೆಯಿಂದ ಅದು ಎಚ್‌ಇವಿಸಿ 4:2:2 10 ಬಿಟ್ ಫೈಲನ್ನು ನೇರವಾಗಿ ಬಿಡಿಸುತ್ತದೆ. ಆಗ ಸಿಗುತ್ತಿದ್ದ ಎನ್‌ವಿಡಿಯಾ ಕಾರ್ಡುಗಳಿಗೆ ಇದು ಆಗುತ್ತಿರಲಿಲ್ಲ, 2025ರ ಆರ್‌ಟಿಎಕ್ಸ್ 50 ಸರಣಿಯಲ್ಲಿ ಬಂತು. ಅಂಗಡಿಯಲ್ಲಿ ಕಡಿಮೆ ಬೆಲೆಗೆ ಕೊಡುವ ಎಫ್ ಅಕ್ಷರದ ಇಂಟೆಲ್ ಚಿಪ್ಪುಗಳಲ್ಲಿ ಗ್ರಾಫಿಕ್ಸೇ ಇರುವುದಿಲ್ಲ, ಕ್ವಿಕ್ ಸಿಂಕ್ ಕೂಡ ಇಲ್ಲ. ಗೇಮ್ ಆಡುವವರಿಗೆ ಎಫ್ ಒಳ್ಳೆಯ ಉಳಿತಾಯ. ನಮ್ಮ ಕೆಲಸದವರು ಆ ಸ್ವಲ್ಪ ದುಡ್ಡಿಗೆ ಆಸೆ ಪಡಲೇಬಾರದು.

ಆಮೇಲೆ ಬಳ್ಳಾರಿಯ ಬಿಸಿಲು. 13600ಕೆ ಟರ್ಬೊದಲ್ಲಿ, ಅಂದರೆ ವೇಗ ಏರಿಸಿಕೊಂಡಾಗ, 181 ವ್ಯಾಟ್ ಎಳೆಯಬಲ್ಲದು, ಐ9-13900ಕೆ 253 ವ್ಯಾಟ್. ಇಂಟೆಲ್‌ನಲ್ಲಿ ಉಷ್ಣಾಂಶ 100 ಡಿಗ್ರಿ ಮುಟ್ಟಿದರೆ ಚಿಪ್ ತಾನೇ ವೇಗ ಇಳಿಸಿಕೊಳ್ಳುತ್ತದೆ. ಏಪ್ರಿಲ್ ಮಧ್ಯಾಹ್ನ ಕೋಣೆಯೇ ಕಾದಿರುವಾಗ ಸಣ್ಣ ಕೂಲರ್ ಏನು ಮಾಡೀತು? ದುಡ್ಡು ಕೊಟ್ಟ ವೇಗ ಕೈಗೇ ಬರುವುದಿಲ್ಲ. ಪ್ರೊಸೆಸರಿನ ವೇಗ ಅಳೆಯುವ ಸಿನೆಬೆಂಚ್ ಆರ್23ರಲ್ಲಿ 10 ನಿಮಿಷದ ಪರೀಕ್ಷೆ ಇದೆಯಲ್ಲ, ಅದರಲ್ಲಿ ಮೊದಲ ನಿಮಿಷದ ಗಿಗಾಹರ್ಟ್ಸ್ ಬರೆದುಕೊಂಡು ಕೊನೆಯ ನಿಮಿಷದ್ದನ್ನು ಪಕ್ಕಕ್ಕಿಟ್ಟು ನೋಡಿ. ಕೂಲರ್ ಸಾಕೋ ಇಲ್ಲವೋ ತಕ್ಷಣ ಗೊತ್ತಾಗುತ್ತದೆ. ಕರೆಂಟ್ ಹೋದಾಗಿನ ಮಾತೂ ಇದೆ. ಸಾಮಾನ್ಯ 600 ವಿಎ ಯುಪಿಎಸ್ ತಡೆಯುವುದು ಸುಮಾರು 360 ವ್ಯಾಟ್. 13900ಕೆ ಜೊತೆ ಒಂದು ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಅದು ಸಾಲದು, ದೊಡ್ಡ ಯುಪಿಎಸ್ ಬೆಲೆಯನ್ನೂ ಸೇರಿಸಿಕೊಳ್ಳಬೇಕು.

ಕೊನೆಗೆ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಬೆಲೆ ಕೇಳುವಾಗ ಬರೀ ಪ್ರೊಸೆಸರ್ ಬೆಲೆ ಕೇಳಲಿಲ್ಲ. ಪ್ರೊಸೆಸರ್, ಮದರ್‌ಬೋರ್ಡ್, ರ‍್ಯಾಮ್, ಕೂಲರ್ ನಾಲ್ಕೂ ಸೇರಿಸಿ, 18% ಜಿಎಸ್‌ಟಿ ಒಳಗೊಂಡು, ಬಿಲ್ ಸಮೇತ ಎಷ್ಟು ಅಂತ ಕೇಳಿದೆ. ಒಂದೇ ಚೀಟಿಯಲ್ಲಿ ಬರೆಸಿಕೊಂಡೆ. ಚಿತ್ರ ಬದಲಾಗಿದ್ದು ಅಲ್ಲೇ. ರೈಜನ್ 7000ಕ್ಕೆ ಹೊಸ ಬಗೆಯ ಡಿಡಿಆರ್5 ರ‍್ಯಾಮೇ ಬೇಕು. ಇಂಟೆಲ್ 13ನೇ ಪೀಳಿಗೆಗೆ ಡಿಡಿಆರ್4 ಬೋರ್ಡ್ ಸಿಗುತ್ತದೆ, ನನ್ನ ಹಳೇ ಕಂಪ್ಯೂಟರಿನ 32 ಜಿಬಿ ಡಿಡಿಆರ್4 ಹಾಗೇ ಕೂರುತ್ತದೆ. ನಿಧಾನದ ರ‍್ಯಾಮ್ ನಿಜ, ಆದರೆ ಉಳಿದ ದುಡ್ಡು ದೊಡ್ಡದು. ಎಎಂಡಿ ಕಡೆಗೂ ಒಂದು ಗಟ್ಟಿ ಮಾತಿದೆ: 2017ರಲ್ಲಿ ಎಎಂಡಿಯ ಎಎಂ4 ಮಾದರಿಯ ಬೋರ್ಡ್ ಕೊಂಡ ಎಷ್ಟೋ ಜನ ಬಯಾಸ್ (ಬೋರ್ಡಿನೊಳಗಿನ ಮೂಲ ತಂತ್ರಾಂಶ) ಅಪ್‌ಡೇಟ್ ಮಾಡಿ ಅದರಲ್ಲೇ ರೈಜನ್ 5000 ಸರಣಿ ಓಡಿಸಿದ್ದಾರೆ. ಎರಡು ಮೂರು ವರ್ಷಕ್ಕೊಮ್ಮೆ ಚಿಪ್ ಬದಲಾಯಿಸುವವರಿಗೆ ಆ ಬಾಳಿಕೆ ಮುಖ್ಯ. ನಾನು ಒಂದು ಸಲ ಕೊಂಡರೆ ಆರೇಳು ವರ್ಷ ಮುಟ್ಟದವನು.

ನಾನು ತೆಗೆದುಕೊಂಡದ್ದು ಐ5-13500. 13600ಕೆಯಂತೆ ಇದರಲ್ಲೂ 6 ದೊಡ್ಡ, 8 ಸಣ್ಣ ಕೋರ್, 20 ಥ್ರೆಡ್. ಗರಿಷ್ಠ ವೇಗ ಸ್ವಲ್ಪ ಕಡಿಮೆ, ಓವರ್‌ಕ್ಲಾಕ್ (ನಾವೇ ವೇಗ ಏರಿಸುವುದು) ಇಲ್ಲ. ಬೆಲೆ ಕಡಿಮೆ, ಟರ್ಬೊ ಮಿತಿ 154 ವ್ಯಾಟ್. ಡಬ್ಬದ ಕೂಲರ್ ಬಿಟ್ಟು ಒಂದು ಟವರ್ ಕೂಲರ್ ಹಾಕಿಸಿದೆ. ಈಗ ಮೂಲ ಫೈಲಿನಲ್ಲೇ ಎಡಿಟ್ ಮಾಡುತ್ತೇನೆ, ಪ್ರಾಕ್ಸಿ ಮಾಡಿ ಕಾಯುವುದು ತಪ್ಪಿತು. ಸೀಸನ್ನಿನಲ್ಲಿ ಇದರಿಂದ ಉಳಿಯುವ ಸಮಯ ಸಣ್ಣದಲ್ಲ.

ಸೆಕೆಂಡ್ ಹ್ಯಾಂಡ್ ನೋಡುತ್ತಿರುವವರಿಗೆ ಒಂದು ಮಾತು. 13 ಮತ್ತು 14ನೇ ಪೀಳಿಗೆಯ ಕೆಲವು ಇಂಟೆಲ್ ಚಿಪ್ಪುಗಳು ವೋಲ್ಟೇಜ್ ಜಾಸ್ತಿಯಾಗಿ ಅಸ್ಥಿರವಾಗುತ್ತವೆ ಅಂತ ಕಂಪನಿಯೇ 2024ರಲ್ಲಿ ಒಪ್ಪಿಕೊಂಡು, ಮೈಕ್ರೋಕೋಡ್ (ಚಿಪ್ಪಿನೊಳಗಿನ ಸೂಚನೆಗಳ) ತಿದ್ದುಪಡಿ ಕೊಟ್ಟು, ಅಂಥ ಚಿಪ್ಪುಗಳ ವಾರಂಟಿಯನ್ನು ಎರಡು ವರ್ಷ ವಿಸ್ತರಿಸಿತು. ತಿದ್ದುಪಡಿ ಮುಂದೆ ಹಾಳಾಗುವುದನ್ನು ತಡೆಯುತ್ತದೆ, ಆಗಲೇ ಹಾಳಾದದ್ದನ್ನು ಸರಿ ಮಾಡುವುದಿಲ್ಲ. ಹಳೇ 13600ಕೆ, 13700ಕೆ, 13900ಕೆ ಕೊಳ್ಳುವುದಾದರೆ ಬಿಲ್ ಕೇಳಿ, ವಾರಂಟಿ ನೋಡಿ, ಎದುರಿಗೇ ಅರ್ಧ ಗಂಟೆ ಪೂರ್ತಿ ಹೊರೆ ಹಾಕಿ ಓಡಿಸಿ, ಆಮೇಲೆ ದುಡ್ಡು ಕೊಡಿ.

ರಾತ್ರಿ ರಿಸೆಪ್ಶನ್ ವಿಡಿಯೋದ ನಾಯ್ಸ್ (ಕತ್ತಲಲ್ಲಿ ಚಿತ್ರಕ್ಕೆ ಬರುವ ಚುಕ್ಕೆಚುಕ್ಕೆ) ತೆಗೆಯುವುದು ಮಾತ್ರ ಇನ್ನೂ ನಿಧಾನ. ಟಾಸ್ಕ್ ಮ್ಯಾನೇಜರ್‌ನಲ್ಲಿ ಈಗ ಇಪ್ಪತ್ತು ಚೌಕ, ಆ ಹೊತ್ತಿಗೆ ಹೆಚ್ಚಿನವು ಖಾಲಿ. ಹಾಗಾಗಿ ಮುಂದೆ ದುಡ್ಡು ಹಾಕುವುದು ಗ್ರಾಫಿಕ್ಸ್ ಕಾರ್ಡಿಗೆ.