ರೊಟ್ಟಿ ಚಟ್ನಿ ಗ್ರೂಪು

ರಾಯಚೂರಾಗ ಏಪ್ರಿಲ್ ಬಂತಂದ್ರ ಕರೆಂಟ್ ಹೋದ ರಾತ್ರಿ ಕೂಸೂ ಮಲಗಲ್ಲ, ಅವ್ವನೂ ಮಲಗಲ್ಲ. ನನ್ನ ಎರಡನೇ ಮಗ ಮೂರು ತಿಂಗಳಿದ್ದಾಗ ಹಂಗೇ ಎದ್ದು ಕುಂತು ಸಿಂಧನೂರಿನ ಗೆಳತಿಗೆ ಮೆಸೇಜ್ ಹಾಕಿದೆ, ಆಕಿನೂ ಎದ್ದಿದ್ಲು. ಮುಂದ ಇನ್ನಿಬ್ರು, ಮತ್ತ ನಾಕು ಮಂದಿ, ಹಿಂಗ ವಾಟ್ಸಾಪ್ ಗ್ರೂಪ್ ಆತು, ಈಗ ಅರವತ್ತು ಮಂದಿ ಅದೀವಿ, ಮಾನ್ವಿ ಲಿಂಗಸುಗೂರು ಕಡಿಯವ್ರು, ದುಡಿಲಿಕ್ಕೆ ಬೆಂಗಳೂರಿಗೆ ಹೋಗಿ ಶೆಡ್ಡಿನಾಗ ಇರೋರೂ ಅದಾರ.

ಮೊದ್ಲು "ತಾಯಂದಿರ ಬಳಗ" ಅಂತ ಹೆಸ್ರಿಟ್ಟಿದ್ದೆ. ಇಬ್ರು ಸೇರಿದ ದಿನಾನೇ ಬಿಟ್ರು. ಯಾಕ್ರೀ ಅಂದ್ರ, ಫೋನ್ ಮನಿಯವ್ರದು ಅಕ್ಕ, ಎಲ್ಲಾ ಓದ್ತಾರ ಅಂದ್ರು. ಆಗ "ರೊಟ್ಟಿ ಚಟ್ನಿ" ಅಂತ ಬದಲಿ ಮಾಡಿ ಫೋಟೊಕ್ಕ ಶೇಂಗಾ ಚಟ್ನಿ ಹಾಕಿದೆ. ಅವತ್ತಿಂದ ಯಾವ ಗಂಡಸೂ ತೆಗ್ದು ನೋಡಿಲ್ಲ, ನೋಡಿದ್ರ ರೊಟ್ಟಿ ಬಡಿಯೋದರ ಕಲೀಲಿ ಬಿಡ್ರಿ. ವಾಯ್ಸ್ ಮಾತ್ರ ಕಳ್ಸೋ ಹಂಗಿಲ್ಲ, ಬಾಜೂಕ ಅತ್ತಿ ಮಲಗಿರ್ತಾರ.

ಒಂದು ಸಲ ನಂದೇ ತಪ್ಪಾತು. ಬ್ಯಾಸಗಿಯಾಗ ಯಾರೋ ಕೂಸಿಗೆ ಸಕ್ರಿ ನೀರು ಕುಡಸ್ರಿ ಅಂತ ಫಾರ್ವರ್ಡ್ ಹಾಕಿದ್ರು, ನಾ ಅವತ್ತೇ ಮಲಗಿಬಿಟ್ಟಿದ್ದೆ, ಬೆಳಿಗ್ಗಿ ನೋಡೋದ್ರಾಗ ಒಬ್ಬಾಕಿ ಎರಡು ತಿಂಗಳ ಕೂಸಿಗೆ ಕುಡಿಸಿದ್ಲು, ಅದಕ್ಕ ಭೇದಿ ಹತ್ತಿತ್ತು. ದವಾಖಾನಿಗೆ ತೋರಿಸಿದ ಮ್ಯಾಲ ಚಲೋ ಆತು ಬಿಡ್ರಿ. ಆರು ತಿಂಗಳ ತನಕ ಎಂಥಾ ಬಿಸಿಲಿದ್ರೂ ಎದಿಹಾಲೇ ಸಾಕು, ನೀರೂ ಬ್ಯಾಡ, ನಂಗ ಗೊತ್ತಿದ್ರೂ ಗ್ರೂಪಿನಾಗ ಹೇಳಿರ್ಲಿಲ್ಲ. ಈಗ ಔಷಧ, ಡೋಸು, ಘುಟ್ಟಿ ಯಾವದೂ ಯಾರೂ ಹೇಳೋ ಹಂಗಿಲ್ಲ, ಅಡ್ಮಿನ್ ಮೂರು ಮಂದಿ ಪಾಳಿ ಮ್ಯಾಲ ನೋಡ್ತೀವಿ.

ಹಾಲು ಸಾಲವಲ್ದು ಅನ್ನೋದೇ ಭಾಳ ಬರ್ತದ. ದಿನಕ್ಕ ಎಷ್ಟು ಸಲ ಉಚ್ಚಿ ಅರಿವಿ ಬದಲಿ ಮಾಡ್ತಿ ಅಂತ ಕೇಳ್ತೀವಿ, ಆರರ ಮ್ಯಾಲಿದ್ದು ತೂಕಾನೂ ಏರ್ತಿದ್ರ ಸಾಲ್ತದ, ಇಲ್ಲಾಂದ್ರ ದವಾಖಾನಿಗೆ ನಡಿ ಅಂತೀವಿ.

ಹೋದ ತಿಂಗಳು ರಾತ್ರಿ ಎರಡೂವರಿಗೆ ಒಬ್ಬಾಕಿ "ಈ ಕೂಸು ಯಾಕರ ಹುಟ್ತೋ" ಅಂತ ಹಾಕಿ ತಟ್ಟನ ಡಿಲೀಟ್ ಮಾಡಿದ್ಲು. ನಾ ಓದಿದ್ದೆ. ಗ್ರೂಪಿನಾಗ ಏನೂ ಅನ್ಲಿಲ್ಲ, ಆಕಿಗೊಬ್ಬಾಕಿಗೇ "ಹಿಟ್ಟು ಅದ ಏನವ್ವ?" ಅಂತ ಬರದೆ. ಫೋನ್ ಆಕಿ ಕೈಯಾಗೇ ಅದ ಇಲ್ಲೋ ಅಂತ ಕೇಳೋ ರೀತಿ ಅದು. "ಅದ ಅಕ್ಕ" ಅಂದ್ಲು. ಒಂದು ತಾಸು ಬರದ್ಲು, ನಾ ಹೂಂ ಹೂಂ ಅಂದೆ ಅಷ್ಟೇ. ಮರುದಿನ ಮನಸ್ಸಿನ ತ್ರಾಸಿಗೆ ಸರ್ಕಾರದವ್ರು ಇಟ್ಟ ಸಹಾಯವಾಣಿ ಟೆಲಿ ಮಾನಸ್ 14416ಕ್ಕ ಇಬ್ರೂ ಕೂಡೇ ಫೋನ್ ಹಚ್ಚಿದ್ವಿ, ತವರಿಂದ ಅವ್ವ ಬಂದ್ಲು, ಡಾಕ್ಟರಿಗೆ ತೋರಿಸ್ಲಿಕ್ಕತ್ತಾಳ. ಇನ್ನೂ ಅಳು ಬರ್ತದ ಅಂತಾಳ. ಈಗ ಹಾಕಿದ್ದು ಡಿಲೀಟ್ ಮಾಡಲ್ಲ.