ಮುಂದಿನ ಬ್ರೇಕ್ ಪ್ಯಾಡ್ ಮನೆಯಲ್ಲೇ ಬದಲಿಸುವವರು ಪಿನ್ ಮರೆಯಬೇಡಿ

ಬ್ರೇಕ್ ಪ್ಯಾಡ್ ಬದಲಿಸುವುದು ನೋಡಲು ಸುಲಭದ ಕೆಲಸ. ಎರಡು ಬೋಲ್ಟ್ ಬಿಚ್ಚಿ, ಹಳೆಯದನ್ನು ತೆಗೆದು ಹೊಸದನ್ನು ಕೂರಿಸಿದರೆ ಆಯಿತು. ಆದರೆ ಹೊಸ ಪ್ಯಾಡ್ ಹಾಕಿ ವರ್ಷ ತುಂಬುವ ಮೊದಲೇ ಒಳಗಿನದು ಸವೆದು ಕಬ್ಬಿಣ ಕಾಣುತ್ತಿರುತ್ತದೆ, ಹೊರಗಿನದು ಮುಕ್ಕಾಲು ಹಾಗೇ ಉಳಿದಿರುತ್ತದೆ. ಆಗ ಎಲ್ಲರೂ ಬೈಯುವುದು ಪ್ಯಾಡನ್ನು. ನಿಜವಾದ ಕಾರಣ ಹೆಚ್ಚಿನ ಸಲ ಕ್ಯಾಲಿಪರ್, ಅಂದರೆ ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಭಾಗ, ಜಾರುವ ಪಿನ್ ಹಿಡಿದುಕೊಂಡಿರುವುದು. ಆಲ್ಟೊ, ವ್ಯಾಗನ್-ಆರ್, ಸ್ಯಾಂಟ್ರೊ ತರಹದ, ಮುಂದೆ ಡಿಸ್ಕ್, ಹಿಂದೆ ಡ್ರಮ್ ಇರುವ ಚಿಕ್ಕ ಕಾರುಗಳಿಗೆ ನಾನು ಈ ಕೆಲಸ ಮಾಡುವ ರೀತಿ ಇದು.

ಈ ಕ್ಯಾಲಿಪರ್‌ಗಳಲ್ಲಿ ಪಿಸ್ಟನ್ ಒಂದೇ, ಅದೂ ಒಳಬದಿಗೆ. ಪೆಡಲ್ ತುಳಿದಾಗ ಅದು ಒಳಗಿನ ಪ್ಯಾಡನ್ನು ಡಿಸ್ಕಿಗೆ ಒತ್ತುತ್ತದೆ. ಆ ಒತ್ತಡಕ್ಕೆ ಇಡೀ ಕ್ಯಾಲಿಪರ್ ಒಳಕ್ಕೆ ಸರಿದು ಹೊರಗಿನ ಪ್ಯಾಡನ್ನು ಎಳೆದು ತರುತ್ತದೆ. ಸರಿಯುವುದು ಕಿರುಬೆರಳಷ್ಟು ದಪ್ಪದ ಎರಡು ಪಿನ್ನುಗಳ ಮೇಲೆ. ಅವು ಜಾಮ್ ಆದರೆ ಒಳಗಿನ ಪ್ಯಾಡ್ ಒಂದೇ ದುಡಿಯುತ್ತದೆ.

ಯಾವಾಗ ಬದಲಿಸಬೇಕು? ಹೊಸ ಪ್ಯಾಡಿನ ಉಜ್ಜುವ ಭಾಗ ಸುಮಾರು 10 ಮಿ.ಮೀ. ಇರುತ್ತದೆ. ನಾನು 3 ಮಿ.ಮೀ.ಗೆ ಬಂದಾಗಲೇ ಬದಲಿಸುತ್ತೇನೆ. ಚಕ್ರದ ಸಂದಿಯಿಂದ ಟಾರ್ಚ್ ಬಿಟ್ಟು ನೋಡಿದರೆ ಕಾಣುವುದು ಹೊರಗಿನ ಪ್ಯಾಡ್ ಮಾತ್ರ. ಅದನ್ನು ನಂಬಿ ಕೂರಬಾರದು.

ಕಾರನ್ನು ಸಮತಟ್ಟಾದ ಗಟ್ಟಿ ನೆಲದಲ್ಲಿ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಎಳೆಯಿರಿ. ಅದು ಹಿಡಿಯುವುದು ಹಿಂದಿನ ಚಕ್ರಗಳನ್ನಾದ್ದರಿಂದ ಮುಂದಿನದನ್ನು ಎತ್ತಿದರೂ ಉಪಯೋಗಕ್ಕೆ ಬರುತ್ತದೆ. ಹಿಂದಿನ ಚಕ್ರಗಳಿಗೆ ಎರಡೂ ಬದಿ ಕಲ್ಲು ಕೊಡಿ. ಚಕ್ರ ನೆಲದ ಮೇಲಿರುವಾಗಲೇ ನಟ್‌ಗಳನ್ನು ಅರ್ಧ ಸುತ್ತು ಸಡಿಲಿಸಿ, ಆಮೇಲೆ ಜ್ಯಾಕ್ ಏರಿಸಿ. ಕಾರಿನ ಜೊತೆ ಬರುವ ಜ್ಯಾಕ್ ಟೈರ್ ಬದಲಿಸಲಿಕ್ಕೆ ಮಾತ್ರ, ಅದೊಂದರ ಭರವಸೆಯ ಮೇಲೆ ಕೆಲಸ ಮಾಡಬೇಡಿ. ಎತ್ತಿದ ಕಾರನ್ನು ಹೊರುವ ಆಕ್ಸಲ್ ಸ್ಟ್ಯಾಂಡ್ ಇಟ್ಟು, ಬಿಚ್ಚಿದ ಚಕ್ರವನ್ನೂ ಬಾಗಿಲ ಕೆಳಗೆ ಮಲಗಿಸಿ. ಟೊಳ್ಳು ಸಿಮೆಂಟ್ ಬ್ಲಾಕ್ ಮಾತ್ರ ಬೇಡವೇ ಬೇಡ. ಅದು ಬಿರುಕು ಬಿಟ್ಟು ಎಚ್ಚರಿಸುವುದಿಲ್ಲ, ಒಮ್ಮೆಲೇ ಪುಡಿಯಾಗುತ್ತದೆ.

ಬಿಚ್ಚುವ ಮುಂಚೆ ಮೊಬೈಲಿನಲ್ಲಿ ಎರಡು ಫೋಟೊ ತೆಗೆದಿಟ್ಟುಕೊಳ್ಳಿ. ಸವೆದಾಗ ಕೀರಲು ಸದ್ದು ಮಾಡುವ ತಗಡಿನ ಪಟ್ಟಿ ಯಾವ ಪ್ಯಾಡಿನಲ್ಲಿ, ಮೇಲಕ್ಕಿದೆಯೋ ಕೆಳಕ್ಕಿದೆಯೋ ಎಂಬುದು ಮತ್ತೆ ಜೋಡಿಸುವಾಗ ಮರೆತುಹೋಗುತ್ತದೆ. ಒಂದು ಬದಿ ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋದರೆ ನೋಡಿಕೊಳ್ಳಲು ಮಾದರಿ ಉಳಿದಿರುತ್ತದೆ.

ಕ್ಯಾಲಿಪರ್ ಹಿಂದಿನ ಎರಡು ಬೋಲ್ಟ್ ಬಿಚ್ಚುವಾಗ ಪಿನ್ ಜೊತೆಗೇ ತಿರುಗಿದರೆ ಅದರ ರಬ್ಬರ್ ಬೂಟ್ (ಧೂಳು ತಡೆಯುವ ಕವಚ) ತಿರುಚಿ ಹರಿಯುತ್ತದೆ. ಪಿನ್ನಿನ ಚಪ್ಪಟೆ ಭಾಗವನ್ನು ತೆಳುವಾದ ಸ್ಪ್ಯಾನರ್‌ನಲ್ಲಿ ಹಿಡಿದುಕೊಂಡೇ ಬಿಚ್ಚಿ. ಕ್ಯಾಲಿಪರ್ ಕೈಗೆ ಬಂದ ತಕ್ಷಣ ತಂತಿಯಿಂದ ಸಸ್ಪೆನ್ಷನ್ ಸ್ಪ್ರಿಂಗಿಗೆ ಕಟ್ಟಿ. ಬ್ರೇಕ್ ಹೋಸಿನಿಂದ ನೇತಾಡಲು ಬಿಟ್ಟರೆ ಹೋಸ್ ಒಳಗಿನಿಂದ ಹಾಳಾಗುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ಧೂಳನ್ನು ಬಾಯಿಂದ ಊದಬೇಡಿ, ಬ್ರೇಕ್ ಕ್ಲೀನರ್ ಹೊಡೆದು ಒದ್ದೆ ಮಾಡಿ ಬಟ್ಟೆಯಿಂದ ಒರೆಸಿ.

ಈಗ ಪಿನ್. ಎರಡನ್ನೂ ಬ್ರಾಕೆಟ್ಟಿನಿಂದ (ಪ್ಯಾಡ್, ಪಿನ್ ಕೂರುವ ಚೌಕಟ್ಟು) ಎಳೆದು ತೆಗೆಯಿರಿ. ಸರಿಯಾಗಿರುವ ಪಿನ್ ಮಿಂಚುತ್ತದೆ, ಅದರ ಮೇಲಿನ ಗ್ರೀಸ್ ಇನ್ನೂ ಜಿಡ್ಡಾಗಿಯೇ ಇರುತ್ತದೆ. ಕೆಟ್ಟ ಪಿನ್ನಿನಲ್ಲಿ ಗ್ರೀಸ್ ಒಣಗಿ ಕಂದು ಮೇಣದಂತಾಗಿರುತ್ತದೆ, ತುದಿಯಲ್ಲಿ ತುಕ್ಕಿನ ಉಂಗುರ ಕಾಣುತ್ತದೆ. ಉಗುರು ಎಳೆದಾಗ ಗುಳಿ ತಗುಲಿದರೆ ಆ ಪಿನ್ ಎಸೆಯಿರಿ. ಬೂಟ್ ಸಮೇತ ಪಿನ್ ಕಿಟ್ ಸಿಗುತ್ತದೆ. ಗುಳಿ ಇಲ್ಲದಿದ್ದರೆ ಕ್ಲೀನರ್ ಹಾಕಿ ಒರೆಸಿದರೆ ಸಾಕು. ಹಲವು ಕಾರುಗಳಲ್ಲಿ ಎರಡು ಪಿನ್ ಒಂದೇ ಥರ ಇರುವುದಿಲ್ಲ, ಒಂದರ ತುದಿಗೆ ರಬ್ಬರ್ ತೋಳು (ಸ್ಲೀವ್) ಇರುತ್ತದೆ. ಮೇಲಿನದು ಮೇಲೆ, ಕೆಳಗಿನದು ಕೆಳಗೇ ಹೋಗಬೇಕು. ಪಿನ್ ಕೂರುವ ರಂಧ್ರವನ್ನೂ ಕಡ್ಡಿಗೆ ಬಟ್ಟೆ ಸುತ್ತಿ ಕ್ಲೀನರ್ ಹಾಕಿ, ಬಟ್ಟೆ ಬಿಳಿಯಾಗಿ ಹೊರಬರುವ ತನಕ ಉಜ್ಜಿ.

ಗ್ರೀಸ್ ವಿಷಯದಲ್ಲಿ ರಾಜಿ ಬೇಡ. ಬೇರಿಂಗಿಗೆ ಹಾಕುವ ಸಾಮಾನ್ಯ ಗ್ರೀಸ್ ಪೆಟ್ರೋಲಿಯಂನದು, ಅದು ರಬ್ಬರನ್ನು ಉಬ್ಬಿಸುತ್ತದೆ. ಉಬ್ಬಿದ ತೋಳು ರಂಧ್ರದೊಳಗೆ ಬಿಗಿಯಾಗಿ, ಬಿಡಿಸಲು ಹೋದ ತೊಂದರೆಯನ್ನೇ ಮತ್ತೆ ತರುತ್ತದೆ. ಸಿಲಿಕೋನ್ ಗ್ರೀಸ್ ಅಥವಾ ಕ್ಯಾಲಿಪರ್ ಪಿನ್ನಿಗೆಂದೇ ಬರುವ ಗ್ರೀಸ್ ಮಾತ್ರ ಹಾಕಿ. ಒಂದು ಪಿನ್ನಿಗೆ ಕಡಲೆಬೇಳೆಯಷ್ಟು ಸಾಕು, ಪಿನ್ ಉದ್ದಕ್ಕೂ ತೆಳುವಾಗಿ ಸವರಿ. ತುಂಬಾ ತುಂಬಿದರೆ ಒಳಗೆ ಸಿಕ್ಕ ಗಾಳಿ, ಗ್ರೀಸ್ ಸೇರಿ ಪಿನ್ನನ್ನು ಹೊರಕ್ಕೆ ತಳ್ಳುತ್ತವೆ. ಪಿನ್ ಒಳಗೆ ತಳ್ಳುವಾಗ ಬೂಟಿನ ಅಂಚನ್ನು ಸ್ವಲ್ಪ ಎತ್ತಿ ಗಾಳಿ ಬಿಡಿ. ಎರಡು ಬೆರಳಿನಲ್ಲಿ ಹಿಡಿದು ಒಳಗೆ ಹೊರಗೆ ಆಡಿಸಿದಾಗ ತಡೆಯಿಲ್ಲದೆ ಜಾರಿದರೆ ಈ ಭಾಗ ಆದಂತೆ.

ಬ್ರಾಕೆಟ್ಟಿನಲ್ಲಿ ಪ್ಯಾಡಿನ ಕಿವಿಗಳು ಕೂರುವ ಕಡೆ ಸ್ಟೀಲ್ ಕ್ಲಿಪ್ ಇರುತ್ತದೆ. ಅದನ್ನು ತೆಗೆದು ಅಡಿಯ ತುಕ್ಕನ್ನು ತಂತಿ ಬ್ರಷ್‌ನಲ್ಲಿ ಉಜ್ಜಿ. ಅಲ್ಲಿ ತುಕ್ಕು ಉಬ್ಬಿದರೆ ಕ್ಲಿಪ್ ಮೇಲೆದ್ದು ಪ್ಯಾಡ್ ಹಿಡಿದುಕೊಳ್ಳುತ್ತದೆ. ಹೊಸ ಪ್ಯಾಡ್ ಬೆರಳಲ್ಲಿ ತಳ್ಳಿದರೆ ಜಾರಬೇಕು. ಸುತ್ತಿಗೆಯಿಂದ ಬಡಿದು ಕೂರಿಸಬೇಕಾಗಿ ಬಂದರೆ ಏನೋ ತಪ್ಪಿದೆ ಎಂದೇ ಅರ್ಥ. ಕಡಲ ಉಪ್ಪುಗಾಳಿ ಬಡಿಯುವ ಮಂಗಳೂರು, ಉಡುಪಿ, ಕಾರವಾರದ ಕಡೆಯವರು ಪಿನ್, ಕ್ಲಿಪ್ ಎರಡನ್ನೂ ಪ್ರತಿ ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮೊದಲೇ ನೋಡಿಬಿಡುವುದು ಒಳ್ಳೆಯದು.

ಡಿಸ್ಕನ್ನೂ ಅಳೆಯಿರಿ. ಕನಿಷ್ಠ ದಪ್ಪ ಎಷ್ಟಿರಬೇಕೆಂದು ಹೆಚ್ಚಿನ ಡಿಸ್ಕುಗಳ ಮೇಲೇ ಅಚ್ಚಾಗಿರುತ್ತದೆ. ಅಂಚಿನಲ್ಲಿ ಸವೆಯದೆ ಉಳಿದ ಏಣು ದಪ್ಪ ಅಳೆಯುವ ವರ್ನಿಯರ್‌ಗೆ ಸಿಕ್ಕರೆ ಅಳತೆ ಹೆಚ್ಚು ತೋರಿಸುತ್ತದೆ, ಅದಕ್ಕೆ ಎರಡೂ ಬದಿ ಒಂದೊಂದು ನಾಣ್ಯವಿಟ್ಟು ಅಳೆದು ನಾಣ್ಯಗಳ ದಪ್ಪ ಕಳೆಯಿರಿ.

ಪಿಸ್ಟನ್ ಹಿಂದಕ್ಕೆ ತಳ್ಳುವ ಮುನ್ನ ಬಾನೆಟ್ ತೆರೆದು ಬ್ರೇಕ್ ಆಯಿಲ್ ಡಬ್ಬಿ ನೋಡಿ. ಪಿಸ್ಟನ್ ಒಳಹೋದಂತೆ ಆಯಿಲ್ ಮೇಲೇರಿ ಉಕ್ಕಬಹುದು. ತುಂಬಿದ್ದರೆ ಸಿರಿಂಜಿನಲ್ಲಿ ಸ್ವಲ್ಪ ತೆಗೆಯಿರಿ. ಪೇಂಟಿನ ಮೇಲೆ ಬಿದ್ದರೆ ಆ ಕ್ಷಣವೇ ನೀರು ಸುರಿಯಿರಿ, ಇಲ್ಲದಿದ್ದರೆ ಪೇಂಟ್ ಎದ್ದು ಬರುತ್ತದೆ. ಹಳೆಯ ಪ್ಯಾಡನ್ನು ಪಿಸ್ಟನ್ನಿಗೆ ಅಡ್ಡವಿಟ್ಟು ಸಿ-ಕ್ಲ್ಯಾಂಪಿನಿಂದ ನಿಧಾನಕ್ಕೆ ತಿರುಗಿಸಿದರೆ ಪಿಸ್ಟನ್ ಸಲೀಸಾಗಿ ಒಳಹೋಗಬೇಕು. ಮೊಂಡು ಹಿಡಿದರೆ, ಪಿಸ್ಟನ್ನಿನ ಬೂಟ್ ಹರಿದಿದ್ದರೆ ಅಥವಾ ಸುತ್ತ ತೇವ ಕಂಡರೆ ಅಲ್ಲಿಗೆ ನಿಲ್ಲಿಸಿ. ಕ್ಯಾಲಿಪರ್ ಬಿಚ್ಚಿ ಸೀಲ್ ಬದಲಿಸಲು ಗ್ಯಾರೇಜಿಗೇ ಕೊಡಬೇಕು. ಕ್ಯಾಲಿಪರ್ ಕಳಚಿರುವಾಗ ಯಾರೂ ಪೆಡಲ್ ತುಳಿಯಬಾರದು, ತುಳಿದರೆ ಪಿಸ್ಟನ್ ಹೊರಗೆ ಬೀಳುತ್ತದೆ. ಮಕ್ಕಳಿರುವ ಮನೆಯಲ್ಲಿ ಕಾರಿನ ಬಾಗಿಲಿಗೆ ಲಾಕ್ ಹಾಕಿಡಿ.

ಪ್ಯಾಡಿನ ಉಜ್ಜುವ ಮೈಗೆ, ಡಿಸ್ಕಿಗೆ ಗ್ರೀಸ್ ಕೈ ತಾಗಕೂಡದು. ಜಿಡ್ಡು ಹೀರಿದ ಪ್ಯಾಡ್ ತೊಳೆದರೂ ಸರಿಹೋಗುವುದಿಲ್ಲ, ಕಾರು ಒಂದು ಕಡೆಗೆ ಎಳೆಯುತ್ತದೆ. ಕ್ಯಾಲಿಪರ್ ಬೋಲ್ಟ್‌ಗಳು ಚಿಕ್ಕವು, ಉದ್ದ ಹಿಡಿಯ ಸ್ಪ್ಯಾನರಿನಲ್ಲಿ ಬಲ ಹಾಕಿದರೆ ಅವುಗಳ ಥ್ರೆಡ್ ಹೋಗುತ್ತದೆ. ಚಿಕ್ಕ ಕಾರುಗಳಲ್ಲಿ ಬಿಗಿಯುವ ಬಲ (ಟಾರ್ಕ್) ಸಾಮಾನ್ಯವಾಗಿ 25ರಿಂದ 35 ನ್ಯೂಟನ್ ಮೀಟರ್. ನಿಮ್ಮ ಕಾರಿನ ಸರ್ವಿಸ್ ಪುಸ್ತಕದ ಅಂಕಿಯೇ ಕೊನೆಯ ಮಾತು.

ಚಕ್ರ ಹಾಕಿ ಇಳಿಸಿದ ಮೇಲೆ, ಗಾಡಿ ಕದಲಿಸುವ ಮುಂಚೆ, ಪೆಡಲನ್ನು ಗಟ್ಟಿಯಾಗುವ ತನಕ ಮತ್ತೆ ಮತ್ತೆ ತುಳಿಯಿರಿ. ಪಿಸ್ಟನ್ ಹಿಂದೆ ಸರಿದಿರುವುದರಿಂದ ಮೊದಲ ಕೆಲವು ಸಲ ಪೆಡಲ್ ನೆಲಕ್ಕೇ ಹೋಗುತ್ತದೆ. ಇದನ್ನು ಮರೆತು ರಿವರ್ಸ್ ತೆಗೆದರೆ ಕಾರು ಗೋಡೆಗೆ ಹೋಗಿ ನಿಲ್ಲುತ್ತದೆ. ಡಬ್ಬಿಯಲ್ಲಿ ಆಯಿಲ್ ಮಟ್ಟ ಮತ್ತೊಮ್ಮೆ ನೋಡಿ.

ಬ್ರೇಕ್ ಆಯಿಲ್ ಎನ್ನುವುದು ಬಾಯಿಮಾತು, ಅದು ಎಣ್ಣೆಯಲ್ಲ. ಎಂಜಿನ್ ಆಯಿಲ್ ಒಂದು ಚಮಚ ಬಿದ್ದರೂ ಒಳಗಿನ ಸೀಲೆಲ್ಲ ಹಾಳು. ಮುಚ್ಚಳದ ಮೇಲೆ ಡಾಟ್ 3 ಅಥವಾ ಡಾಟ್ 4 ಎಂದು ಬರೆದಿರುತ್ತದೆ, ಅದನ್ನೇ ಹಾಕಿ. ಡಾಟ್ 5 ಸಿಲಿಕೋನಿನದು, ಇವುಗಳ ಜೊತೆ ಬೆರೆಸಬಾರದು. ಡಾಟ್ 3, ಡಾಟ್ 4 ಎರಡೂ ಗಾಳಿಯ ತೇವವನ್ನು ಹೀರುತ್ತವೆ. ಹೊಸ ಡಾಟ್ 3 ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ತನಕ ಕುದಿಯದೆ ತಡೆಯಬೇಕು, ತೇವ ಹೀರಿದ್ದಕ್ಕೆ ಆ ಮಿತಿ 140ಕ್ಕೆ ಇಳಿಯುತ್ತದೆ. ಆಗುಂಬೆಯ 14 ತಿರುವುಗಳನ್ನು ತುಂಬಿದ ಕಾರಿನಲ್ಲಿ ಬ್ರೇಕ್ ಮೇಲೆಯೇ ಇಳಿದರೆ ಹಳೆ ಆಯಿಲ್ ಕುದಿದು ಆವಿಯಾಗಬಹುದು. ಆವಿ ಒತ್ತಿದರೆ ಕುಗ್ಗುತ್ತದೆ, ಪೆಡಲ್ ಮೆತ್ತಗಾಗಿ ಕೆಳಗಿಳಿಯುತ್ತದೆ. ಪ್ಯಾಡ್ ಎಷ್ಟೇ ಹೊಸದಿದ್ದರೂ ಆಗ ಪ್ರಯೋಜನವಿಲ್ಲ. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಿ, ಘಾಟಿಯಲ್ಲಿ ಎರಡನೇ ಗೇರಿನಲ್ಲಿ ಇಳಿಯಿರಿ.

ಹೊಸ ಪ್ಯಾಡ್ ಡಿಸ್ಕಿಗೆ ಹೊಂದಿಕೊಳ್ಳಬೇಕು. ಖಾಲಿ ರಸ್ತೆಯಲ್ಲಿ 50 ಕಿ.ಮೀ. ವೇಗದಿಂದ 10ಕ್ಕೆ, ಹದವಾಗಿ ಒತ್ತಿ, ಪೂರ್ತಿ ನಿಲ್ಲಿಸದೆ, ಎಂಟು ಹತ್ತು ಸಲ ಇಳಿಸಿ. ನಡುವೆ ಅರ್ಧ ನಿಮಿಷ ಬಿಡುವು ಕೊಡಿ. ಬಿಸಿ ಇರುವಾಗ ಬ್ರೇಕ್ ಒತ್ತಿಕೊಂಡು ನಿಂತರೆ ಪ್ಯಾಡಿನ ಪದರ ಡಿಸ್ಕಿನ ಒಂದೇ ಜಾಗಕ್ಕೆ ಅಂಟಿ, ಆಮೇಲೆ ಪೆಡಲ್ ನಡುಗುತ್ತದೆ.

ಮಾರನೆ ದಿನ ಹತ್ತು ಕಿ.ಮೀ. ಓಡಿಸಿ, ಬ್ರೇಕ್ ಕಡಿಮೆ ಬಳಸಿ ನಿಲ್ಲಿಸಿ, ಎರಡೂ ಮುಂದಿನ ಚಕ್ರಗಳ ಹತ್ತಿರ ಅಂಗೈ ಹಿಡಿದು ನೋಡಿ, ಡಿಸ್ಕ್ ಮುಟ್ಟಬೇಡಿ. ಎರಡೂ ಕಡೆ ಕಾವು ಒಂದೇ ಇರಬೇಕು. ಒಂದೇ ಕಡೆ ಕಾದಿದ್ದರೆ ಅಲ್ಲಿ ಬ್ರೇಕ್ ಬಿಡುತ್ತಿಲ್ಲ. ಆ ಚಕ್ರ ಎತ್ತಿ ಕೈಯಿಂದ ತಿರುಗಿಸಿ. ಬಿಗಿಯಿದ್ದರೆ ಬ್ಲೀಡಿಂಗ್ ಸ್ಕ್ರೂ (ಕ್ಯಾಲಿಪರ್‌ನಿಂದ ಗಾಳಿ ಹೊರಬಿಡುವ ತಿರುಪು) ಸ್ವಲ್ಪ ಸಡಿಲಿಸಿ. ಆಯಿಲ್ ಚಿಮ್ಮಿ ಚಕ್ರ ಹಗುರಾದರೆ ಒತ್ತಡ ಒಳಗೇ ಸಿಕ್ಕಿಕೊಂಡಿದೆ, ಹೋಸ್ ಒಳಗೆ ಉಬ್ಬಿರಬಹುದು ಅಥವಾ ಪೆಡಲ್ ತುಳಿದಾಗ ಆಯಿಲ್ ಒತ್ತುವ ಮಾಸ್ಟರ್ ಸಿಲಿಂಡರಿನ ತೊಂದರೆ. ಹಗುರಾಗದಿದ್ದರೆ ಪಿಸ್ಟನ್ ಇಲ್ಲವೇ ಪಿನ್. ಸ್ಕ್ರೂ ತೆರೆದ ಮೇಲೆ ಗಾಳಿ ತೆಗೆಯದೆ ಕಾರು ರಸ್ತೆಗೆ ಇಳಿಸಬೇಡಿ. ನೂರು ಕಿ.ಮೀ. ಆದ ಮೇಲೆ ಚಕ್ರದ ನಟ್‌ಗಳನ್ನು ಎದುರುಬದುರಾಗಿ ಮತ್ತೊಮ್ಮೆ ಬಿಗಿ ನೋಡಿ.