ಚೀಟಿಯ ಕೊನೆಯ ಸಾಲು ಖಾಲಿ ಇರಲಿ

ಅರುವತ್ತು ದಾಟಿದ ಮೇಲೆ ಹೊಸ ಸೀರೆಗಿಂತ ಹೊಸ ಫಸಲಿನ ತರಕಾರಿ ಕಂಡಾಗಲೇ ನನಗೆ ಹೆಚ್ಚು ಖುಷಿ. ಅದಕ್ಕೇ ದಿನಸಿ ಚೀಟಿಯ ಕೊನೆಯ ಸಾಲನ್ನು ಖಾಲಿ ಬಿಡುತ್ತೇನೆ. ಪೇಟೆಯಲ್ಲಿ ಕಣ್ಣಿಗೆ ಬಿದ್ದ ಒಂದು ವಸ್ತುವಿಗೆ ಅದು ಮೀಸಲು. ನೀವೂ ಮಾಡಿ ನೋಡಿ.

ಕಳೆದ ವಾರ ಉಡುಪಿಯಲ್ಲಿ ಆ ಸಾಲು ತುಂಬಿದ್ದು ಮಟ್ಟು ಗುಳ್ಳದಿಂದ. 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಬದನೆಯಲ್ಲವೇ, ಸ್ವಲ್ಪ ಜಂಬವೂ ಸೇರಿಕೊಂಡಿತು! ದುಂಡಗಿನ ತಿಳಿಹಸಿರು ಕಾಯಿ, ಮೈಮೇಲೆ ಬಿಳಿ ಗೆರೆ, ತೊಟ್ಟಿನಲ್ಲಿ ಮುಳ್ಳು ನೋಡಿ ಆರಿಸಿ. ಹೆಚ್ಚಿದ ಹೋಳುಗಳನ್ನು ಕೂಡಲೇ ನೀರಿಗೆ ಹಾಕಿ, ಇಲ್ಲವಾದರೆ ಕಪ್ಪಾಗುತ್ತವೆ. ಬೇಗ ಬೇಯುವುದರಿಂದ ಒಲೆಯ ಬಳಿಯಿಂದ ಕದಲಬೇಡಿ.

ಕುರುಕಲು ತಿಂಡಿಯಾದರೆ ಅರ್ಧ ಕಿಲೋ ಬೇಡ, ನೂರು ಗ್ರಾಂ ಸಾಕು. ಡಬ್ಬಿ ಬೇಗ ಖಾಲಿಯಾಗುತ್ತದೆ, ಮತ್ತೆ ಪೇಟೆಗೆ ಹೋಗಲು ನೆಪ ಸಿಗುತ್ತದೆ.